ಅಪ್ಪನ ಶೂ ಒಳಗೆ ನಾಲ್ಕು ಸೆನ್ಸರ್

ಅಪ್ಪನಿಗೆ ಶುಗರ್ ಬಂದು 20 ವರ್ಷವಾಯ್ತು. ಡಾಕ್ಟರು 10 ಗ್ರಾಂ ಒತ್ತಿಗೆ ಬಾಗುವ ನೈಲಾನ್ ಎಳೆಯನ್ನು ಪಾದಕ್ಕೆ ಮುಟ್ಟಿಸಿದರೆ ಎಷ್ಟೋ ಕಡೆ ಅವರಿಗೆ ಗೊತ್ತೇ ಆಗಲ್ಲ. ಹೊಸ ಶೂ ಹೇಗಿದೆ ಅಂದರೆ "ಹೂವಿನ ಹಾಗಿದೆ ಕಣೋ" ಅನ್ನುತ್ತಾರೆ, ಆದರೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಆಣಿ ಬೆಳೀತಾನೇ ಇದೆ. ಸರಿ, ಒತ್ತಡ ಅಳೆದೇ ನೋಡೋಣ ಅಂತ ಕೂತೆ.

ತಂದದ್ದು ನಾಲ್ಕು ಎಫ್‌ಎಸ್‌ಆರ್ 402, ಅವುಗಳ ರೀಡಿಂಗ್ ಓದೋಕೆ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡ್, ಸಣ್ಣ ಬ್ಯಾಟರಿ. ಎಫ್‌ಎಸ್‌ಆರ್ ಅಂದರೆ ಒತ್ತಿದಷ್ಟೂ ರೆಸಿಸ್ಟೆನ್ಸ್ ಇಳಿಯುವ ತೆಳ್ಳನೆಯ ಬಿಲ್ಲೆ. ಎಲ್ಲಿ ಅಂಟಿಸೋದು? ಆಣಿಗೆ ಕುಂಕುಮ ಹಚ್ಚಿ ಶೂ ಹಾಕಿಸಿ ನಾಲ್ಕು ಹೆಜ್ಜೆ ನಡೆಸಿದೆ, ಇನ್ಸೋಲ್ ಮೇಲೆ ಅಚ್ಚು ಬಿತ್ತು. ಅಲ್ಲೊಂದು, ಹಿಮ್ಮಡಿ, ಕಿರುಬೆರಳ ಬುಡ, ಹೆಬ್ಬೆರಳ ತುದಿಗೆ ಉಳಿದವು. ಬೋರ್ಡನ್ನು ಕ್ರೇಪ್ ಬ್ಯಾಂಡೇಜ್‌ನಲ್ಲಿ ಕಣಕಾಲಿಗೆ ಸುತ್ತಿದೆ.

ಮೊದಲ ದಿನ ಎಲ್ಲಾ ಎಡವಟ್ಟು. ಸೆನ್ಸರ್ ಜೊತೆಗೆ ಎಲ್ಲರೂ ಹಾಕುವ 10 ಕಿಲೋಓಮ್ ರೆಸಿಸ್ಟರ್ ಹಾಕಿದ್ದೆ. ಅಪ್ಪ ನಿಂತ ಕೂಡಲೇ ರೀಡಿಂಗ್ ಬೋರ್ಡ್ ತೋರಿಸಬಲ್ಲ ಗರಿಷ್ಠ 4095ಕ್ಕೆ ಹೋಗಿ ಅಲ್ಲೇ ಕೂತಿತು, 1 ಕಿಲೋಓಮ್‌ಗೆ ಬದಲಿಸಿದ ಮೇಲೆ ಸರಿಯಾಯ್ತು. ಆಮೇಲೆ ಇನ್ನೊಂದು: ಕುರ್ಚಿಯಲ್ಲಿ ಕೂತು ಕಾಲು ನೆಲದಿಂದ ಎತ್ತಿದ್ದರೂ ಹೆಬ್ಬೆರಳ ಬುಡದ ಸೆನ್ಸರ್ ಜಾಸ್ತಿ ತೋರಿಸ್ತಿತ್ತು. ಅರ್ಧ ದಿನ ಕೋಡ್ ತಿದ್ದಿದೆ ಸುಮ್ನೆ. ಶೂ ಬಿಚ್ಚಿ ನೋಡಿದರೆ ಬಿಲ್ಲೆಯೇ ಮಡಚಿಕೊಂಡಿತ್ತು! ಎಫ್‌ಎಸ್‌ಆರ್‌ಗೆ ಬಾಗಿದರೂ ಒಂದೇ, ಒತ್ತಿದರೂ ಒಂದೇ.

ಅಂಗಡಿಯ ತೂಕದ ಕಲ್ಲು ಇಟ್ಟು, ಎಷ್ಟು ತೂಕಕ್ಕೆ ಎಷ್ಟು ರೀಡಿಂಗ್ ಅಂತ ಕ್ಯಾಲಿಬ್ರೇಷನ್ ಮಾಡಿದೆ. ಮೇಜಿನ ಮೇಲೆ ಒಂದು ಲೆಕ್ಕ, ಮೆತ್ತನೆಯ ಇನ್ಸೋಲ್ ಮೇಲೆ ಅದೇ 2 ಕೆಜಿಗೆ ಬೇರೆ ಲೆಕ್ಕ. ಶೂ ಒಳಗಿನ ಒತ್ತಡ 200 ಕಿಲೋಪ್ಯಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ, ಅದರೊಳಗಿರಲಿ, ಇಲ್ಲವೇ ಮೊದಲಿಗಿಂತ ಶೇ. 30 ಆದರೂ ಇಳಿಯಲಿ ಅನ್ನೋದು ಪಾದದ ಡಾಕ್ಟರುಗಳ ಲೆಕ್ಕ. ಈ ಅಗ್ಗದ ಬಿಲ್ಲೆಯಿಂದ ಮೊದಲನೆಯದನ್ನು ನಂಬಬಾರದು, ಎರಡನೆಯದನ್ನು ನೋಡಬಹುದು: ಅದೇ ಸೆನ್ಸರ್, ಅದೇ ಜಾಗ, ಅದೇ ವೇಗ.

ವರಾಂಡದಲ್ಲಿ 20 ಹೆಜ್ಜೆ ನಡೆಸಿ, ಶುರುವಿನ ಮತ್ತು ಕೊನೆಯ ಹೆಜ್ಜೆಗಳನ್ನು ಬಿಟ್ಟು ನೋಡಿದೆ. ಹಿಮ್ಮಡಿಯೇ ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಹಿಮ್ಮಡಿ ಎದ್ದು ಮುಂದಕ್ಕೆ ತಳ್ಳುವ ಆ ಗಳಿಗೆಯಲ್ಲಿ ಆಣಿಯ ಜಾಗದಲ್ಲಿ ಗ್ರಾಫ್ ಸೂಜಿ ಮೊನೆಯಂತೆ ಏಳುತ್ತಿತ್ತು. ಗ್ರಾಫ್ ತೋರಿಸಿದ ಮೇಲೆ ಪಾದರಕ್ಷೆ ಮಾಡುವವರು ಆಣಿಯ ಹಿಂದೆ ಒಂದು ಪ್ಯಾಡ್ ಕೂರಿಸಿದರು. ಆ ಮೊನೆ ಮೂರನೇ ಒಂದು ಭಾಗ ಇಳಿಯಿತು, ಆದರೆ ಭಾರ ಎಲ್ಲಿಗಾದರೂ ಹೋಗಲೇಬೇಕಲ್ವಾ, ಕಿರುಬೆರಳ ಬುಡದಲ್ಲಿ ಸ್ವಲ್ಪ ಏರಿದೆ. ಮುಂದಿನ ವಾರ ಪ್ಯಾಡಿನ ಹೊರ ಅಂಚು ತೇಯಿಸಿ ಮತ್ತೆ ನಡೆಸಿ ನೋಡಬೇಕು.