ಹಲಸೂರಿನ ಒಂದು ಮನೆ, ಮೂರು ದಾವೆ

ಬಾಡಿಗೆದಾರನನ್ನು ತೆರವುಗೊಳಿಸುವ ದಾವೆಯನ್ನು ಸಣ್ಣ ವ್ಯಾಜ್ಯಗಳನ್ನು ಕೇಳುವ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಹಾಕುತ್ತೇನೆ ಎಂದಾಗ ನಮ್ಮ ಸೀನಿಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಕೈಕಾಲು ಮುರಿದುಕೊಂಡವರು ಪರಿಹಾರ ಕೇಳುವ ಜಾಗವಯ್ಯ" ಎಂದರು. ಅವರು ಹೇಳಿದ್ದು ತೀರಾ ಸುಳ್ಳಲ್ಲ. ಬೆಂಗಳೂರಿನಲ್ಲಿ ಆ ನ್ಯಾಯಾಧೀಶರೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯನ್ನೂ ನಡೆಸುತ್ತಾರೆ. ಊರುಗೋಲು, ಎಕ್ಸ್‌ರೇ ಕವರು, ವಿಮಾ ಕಂಪನಿಯ ವಕೀಲರ ನಡುವೆ ಜಾಗ ಮಾಡಿಕೊಂಡು ನಾನು ಬಾಡಿಗೆ ರಸೀದಿಗಳನ್ನು ಸಾಕ್ಷ್ಯವಾಗಿ ಗುರುತು ಹಾಕಿಸಿದ್ದೇನೆ.

ಮೊದಲು ಸೋತ ಲೆಕ್ಕ. ಕಕ್ಷಿದಾರರು ನಿವೃತ್ತ ಶಿಕ್ಷಕಿ. ಹಲಸೂರಿನಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಮನೆ, ಬಾಡಿಗೆ 6,500, ಅಡ್ವಾನ್ಸ್ 65,000. ಮಗನ ಮದುವೆಗೆ ಮನೆ ಬೇಕು ಎಂದರು. ಸ್ವಂತ ಉಪಯೋಗ ಎಂದು ಕೇಳಿದ ಕೂಡಲೇ ನನ್ನ ಕೈ ತಾನಾಗಿ ಬಾಡಿಗೆ ಕಾಯ್ದೆಯ 27ನೇ ಕಲಮಿಗೆ ಹೋಯಿತು, ಆ ಕಾಯ್ದೆಯಡಿ ತೆರವು ಕೇಳುವ ಎಚ್‌ಆರ್‌ಸಿ ಅರ್ಜಿ ಹಾಕಿದೆ. ತಿಂಗಳ ಬಾಡಿಗೆ 3,500 ದಾಟಿದರೆ ಬೆಂಗಳೂರಿನಲ್ಲಿ 1999ರ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹಳೆಯ ಕರಾರಿನಲ್ಲಿ 3,000 ಎಂದಿತ್ತು. ಅದನ್ನೇ ಹಿಡಿದರೆ 45ನೇ ಕಲಮಿನಡಿ ಬಾಡಿಗೆ ಕಟ್ಟದವನ ಬಾಯಿ ಮುಚ್ಚಿಸಬಹುದು ಎಂಬ ಅತಿ ಬುದ್ಧಿ ನನ್ನದು. ಎದುರು ವಕೀಲರು ನಮ್ಮ ಕಕ್ಷಿದಾರರೇ ಸಹಿ ಹಾಕಿದ 6,500ರ ರಸೀದಿಗಳನ್ನು ತೋರಿಸಿ ಕುಳಿತರು. ಸುಮಾರು ಎಂಟು ತಿಂಗಳು ಮಣ್ಣುಪಾಲು.

ಎರಡನೆಯ ಸಲ ಸೀನಿಯರ್ ಹೇಳಿದಂತೆ ನಗರ ಸಿವಿಲ್ ನ್ಯಾಯಾಲಯದಲ್ಲಿ ಓಎಸ್, ಅಂದರೆ ಮಾಮೂಲಿ ಅಸಲು ದಾವೆ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಹದಿನೈದು ದಿನದ ನೋಟಿಸು ಕೊಟ್ಟು, ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಶುಲ್ಕ ಕಟ್ಟಿ, ತೆರವು, ಬಾಕಿ, ನಷ್ಟ ಎಲ್ಲವನ್ನೂ ಕೇಳಿದೆ. ಆಗ ಬಾಡಿಗೆದಾರ ಹಾಕಿದ ತಕರಾರು ಈಗಲೂ ನನಗೆ ಬಾಯಿಪಾಠ: "ಇದು ಮಾಲೀಕ ಮತ್ತು ಬಾಡಿಗೆದಾರರ ನಡುವಿನ ಸರಳ ತೆರವು ದಾವೆ, ಸ್ಮಾಲ್ ಕಾಸಸ್ ಕೋರ್ಟಿಗೆ ಸೇರಿದ್ದು." ಬಾಡಿಗೆ ಕಾಯ್ದೆಯ ಹೊರಗಿನ ಮನೆಗಳ ತೆರವು ದಾವೆ ಅಲ್ಲಿಗೇ ಹೋಗಬೇಕು ಎಂದು ಹೈಕೋರ್ಟ್ ಹೇಳಿದ್ದ ತೀರ್ಪು 2011ರ ಐಎಲ್‌ಆರ್ ತೀರ್ಪು ಸಂಗ್ರಹದಲ್ಲಿದೆ, ಅದನ್ನೂ ಜೊತೆಗಿಟ್ಟಿದ್ದರು. ಒಂದೂಕಾಲು ವರ್ಷದ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 10ರಂತೆ, ಸರಿಯಾದ ಕೋರ್ಟಿನಲ್ಲಿ ಹಾಕಿ ಎಂದು ವಾದಪತ್ರ ವಾಪಸು ಬಂತು. ಅಷ್ಟರಲ್ಲಿ ಅಡ್ವಾನ್ಸ್ ಪೂರ್ತಿ ಬಾಡಿಗೆಗೆ ಕರಗಿತ್ತು. ಮಗ ಬೇರೆ ಬಾಡಿಗೆ ಮನೆಯಲ್ಲಿ ಮದುವೆ ಮಾಡಿಕೊಂಡಿದ್ದ.

ಆ ಆದೇಶದ ಮೇಲೆ ಅಪೀಲು ಹಾಕೋಣ ಎಂದು ಛೇಂಬರಿನಲ್ಲಿ ಎಲ್ಲರೂ ಹೇಳಿದರು. ನನಗೆ ಮಾತ್ರ ಆ ತಕರಾರಿನಲ್ಲೇ ನಮ್ಮ ಡಿಕ್ರಿ ಇದೆ ಎನಿಸಿತು. ಆ ತಕರಾರಿನ ದೃಢೀಕೃತ ನಕಲು ತೆಗೆಸಿ ಬೀರುವಿನಲ್ಲಿಟ್ಟೆ.

1964ರ ಸ್ಮಾಲ್ ಕಾಸಸ್ ಕೋರ್ಟ್ ಕಾಯ್ದೆಯ ಅನುಸೂಚಿಯ 4ನೇ ಬಾಬನ್ನು ನಾವೆಲ್ಲ ಓದಿದ್ದೇವೆ, ಆದರೆ ಕೊನೆಯ ಭಾಗವನ್ನು ಓಡಿಸಿ ಓದುತ್ತೇವೆ. ತೆರವು ದಾವೆ ಅಲ್ಲಿ ನಡೆಯಬೇಕಾದರೆ, ಬಾಡಿಗೆ ಲಿಖಿತವಿರಲಿ, ಬಾಯಿಮಾತಿನದಿರಲಿ, ಆ ಬಾಡಿಗೆಯ ದಾವೆಯನ್ನು ಅದೇ ಕೋರ್ಟ್ ಕೇಳುವಂತಿರಬೇಕು. ತೀರ್ಮಾನವಾಗಬೇಕಾದ ಮುಖ್ಯ ವಿವಾದಾಂಶ ಒಂದೇ: ಬಾಡಿಗೆಯ ಅವಧಿ ತೀರಿತೇ, ಅಥವಾ ನೋಟಿಸಿನಿಂದ ಕೊನೆಗೊಂಡಿತೇ. ಇದರಾಚೆಗೆ ಇನ್ನೊಂದು ಪ್ರಶ್ನೆಯನ್ನು ನಾವೇ ಎತ್ತಿ ಕೊಟ್ಟರೆ ಎದುರಿನವರಿಗೆ ಗೋಡೆ ಹಾರಲು ಏಣಿ ಇಟ್ಟಂತೆ.

ಹಾಗಾಗಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಹಾಕಿದ ಮೂರನೆಯ ದಾವೆಯ ವಾದಪತ್ರವನ್ನು ಮೂರೂವರೆ ಪುಟಕ್ಕೆ ಇಳಿಸಿದೆ. ಮಗನ ಮದುವೆ ಇಲ್ಲ, ಬಾಡಿಗೆದಾರನ ಜಗಳಗಂಟಿತನ ಇಲ್ಲ, ನಷ್ಟದ ಮಾತಿಲ್ಲ. ಬಾಕಿಯನ್ನು ಬಿಟ್ಟದ್ದಕ್ಕೆ, ಒಂದೇ ದಾವೆಯಲ್ಲಿ ಕೇಳಬಹುದಾದ್ದನ್ನು ಬಿಟ್ಟರೆ ಮುಂದೆ ಕೇಳುವಂತಿಲ್ಲ ಎನ್ನುವ ಆದೇಶ 2 ನಿಯಮ 2 ಅಡ್ಡ ಬರುತ್ತದೆ ಎಂದು ಹೆದರಿಸಿದವರಿದ್ದರು. ಅದಕ್ಕೆ ಮೊದಲ ದಿನವೇ ಅನುಮತಿ ಕೇಳಿ ಒಂದು ಮಧ್ಯಂತರ ಅರ್ಜಿ (ಐಎ) ಹಾಕಿದೆ. ಕರಾರುಪತ್ರವನ್ನೂ ಗುರುತು ಹಾಕಿಸಲಿಲ್ಲ. ನೂರು ರೂಪಾಯಿ ಕಾಗದದ ಮೇಲೆ ಬರೆದದ್ದು, ಮುದ್ರಾಂಕ ಸಾಲದು. ಎದುರಿನವರು ಮುದ್ರಾಂಕ ಕಾಯ್ದೆಯ 34ನೇ ಕಲಮು ಎತ್ತಿದರೆ ಹತ್ತು ಪಟ್ಟು ದಂಡ, ಜೊತೆಗೆ ನಾಲ್ಕು ವಾಯಿದೆ. ಬಾಯಿಮಾತಿನ ಬಾಡಿಗೆಯೂ ನಡೆಯುತ್ತದೆ ಎಂದು ಕಾನೂನೇ ಹೇಳುವಾಗ ಆ ಕಾಗದವನ್ನು ಏಕೆ ಮುಟ್ಟಬೇಕು? ನೋಟಿಸಿನಲ್ಲಿ ನಾನು ಸೇರಿಸುವ ಒಂದು ಸಾಲಿದೆ. ಅದಕ್ಕೆ ಉತ್ತರ ಕೊಟ್ಟರೂ ಕೊಡದಿದ್ದರೂ ಬಾಡಿಗೆದಾರಿಕೆ ಒಪ್ಪಿದಂತೆ ಎಂದು ವಾದಿಸಲು ಅನುಕೂಲ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಅಂದುಕೊಂಡಂತೆಯೇ ಆತ ಈಗ ರಾಗ ಬದಲಿಸಿದ. ಎರಡು ಲಕ್ಷ ಕೊಟ್ಟು ಮನೆ ಖರೀದಿಗೆ ಮಾತಾಗಿದೆ, ಹಕ್ಕಿನ ಪ್ರಶ್ನೆ ಇದೆ, ಸಿವಿಲ್ ಕೋರ್ಟಿಗೆ ಕಳಿಸಿ! ಪಾಟೀ ಸವಾಲಿನಲ್ಲಿ ಬೀರುವಿನ ನಕಲನ್ನು ಕೈಗಿತ್ತು, ಸಹಿ ನಿಮ್ಮದೇ ಎಂದು ಕೇಳಿದೆ. ಹೌದು ಎಂದ. ಓದಿ ಎಂದೆ. "ಸರಳ ತೆರವು ದಾವೆ" ಎಂಬಲ್ಲಿಗೆ ಬಂದಾಗ ಧ್ವನಿ ಇಳಿಯಿತು. ಪಕ್ಕದಲ್ಲಿ ಕುಳಿತಿದ್ದ ವಿಮಾ ವಕೀಲರೊಬ್ಬರು ಜೋರಾಗಿ ಕೆಮ್ಮಿದರು. ಉಳಿದದ್ದನ್ನು, ಬಾಡಿಗೆದಾರ ಮಾಲೀಕರ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎನ್ನುವ ಆಗಿನ ಸಾಕ್ಷ್ಯ ಕಾಯ್ದೆಯ 116ನೇ ಕಲಮು ನೋಡಿಕೊಂಡಿತು. ಸುಮಾರು ಹದಿಮೂರು ತಿಂಗಳಲ್ಲಿ ಡಿಕ್ರಿ. ಇದಕ್ಕೆ ಅಪೀಲಿಲ್ಲ, ರಿವಿಷನ್ (ಪುನರ್‌ಪರಿಶೀಲನೆ) ಮಾತ್ರ. ಆತ ಹೈಕೋರ್ಟಿಗೆ ಹೋದ, ತಡೆಯಾಜ್ಞೆ ಸಿಗಲಿಲ್ಲ.

ಇದೇ ಹುರುಪಿನಲ್ಲಿ ಬೇರೆ ಎರಡು ಕಡೆ ಕೈ ಹಾಕಿ ಸುಟ್ಟುಕೊಂಡೆ. ಒಂದು, ನಮ್ಮಲ್ಲಿ ಲೀಸು ಎನ್ನುವ ಭೋಗ್ಯದ ಮನೆ: ಐದು ಲಕ್ಷ ಇಡುಗಂಟು, ತಿಂಗಳ ಬಾಡಿಗೆ ಇಲ್ಲ. ಬಾಡಿಗೆಯೇ ಇಲ್ಲದ ಮೇಲೆ ಬಾಡಿಗೆಯ ದಾವೆಯನ್ನು ಯಾವ ಕೋರ್ಟ್ ಕೇಳುತ್ತದೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ರಾಜಿ ಮಾಡಿಸಿದೆ. ಇನ್ನೊಂದು ಪುಟ್ಟ ಅಂಗಡಿ, 14 ಚದರ ಮೀಟರಿಗಿಂತ ಕಡಿಮೆ, ಬಾಡಿಗೆ 900. ಅದು ಬಾಡಿಗೆ ಕಾಯ್ದೆಯೊಳಗೇ ಬರುತ್ತದೆ. ಆತ ನಾನು ಬಾಡಿಗೆದಾರನೇ ಅಲ್ಲ ಎಂದ. ನಮ್ಮ ಬಳಿ ಕರಾರೂ ಇಲ್ಲ, ರಸೀದಿಯೂ ಇಲ್ಲ. ಆ ಕಾಯ್ದೆಯ 43ನೇ ಕಲಮಿನಂತೆ ನ್ಯಾಯಾಧೀಶರು ವಿಚಾರಣೆ ನಿಲ್ಲಿಸಿ ಸಿವಿಲ್ ಕೋರ್ಟಿಗೆ ಹೋಗಿ ಎಂದರು. ಅದು ಇನ್ನೂ ನಡೆಯುತ್ತಿದೆ.

ಹಲಸೂರಿನ ಮನೆಗೆ ಅಮೀನರೊಂದಿಗೆ ಹೋದ ದಿನ ಬಾಡಿಗೆದಾರನ ಭಾವಮೈದ, ಡಿಕ್ರಿ ಜಾರಿಗೆ ಬರುವ ಅಡ್ಡಿಯ ಬಗೆಗಿನ ನಿಯಮ 97 ಎಂದು ಕೂಗುತ್ತಾ ಬಾಗಿಲಿಗೆ ಅಡ್ಡ ನಿಂತ. ಕೈಯಲ್ಲಿ ಕಾಗದವಿರಲಿಲ್ಲ, ಪೊಲೀಸರು ಬಂದ ಮೇಲೆ ಸರಿದ. ಬೀಗ ಒಡೆದು ಒಳಗೆ ಹೋದರೆ ಬಚ್ಚಲಿನ ಮೂರು ನಲ್ಲಿಯೂ ಇರಲಿಲ್ಲ, ತೂತುಗಳಿಗೆ ಬಟ್ಟೆ ತುರುಕಿದ್ದರು. ಟೀಚರಮ್ಮ ಅಳಲಿಲ್ಲ. ಪರ್ಸಿನಿಂದ ಚೀಟಿ ತೆಗೆದು ನಲ್ಲಿ ಮೂರು, ಕರೆಂಟ್ ಬಿಲ್ಲು ನಾಲ್ಕು ಸಾವಿರ ಚಿಲ್ಲರೆ ಎಂದು ಬರೆದುಕೊಂಡರು. ಬಾಕಿಯ ದಾವೆಗೆ ಆ ಚೀಟಿಯೇ ಆಧಾರವಾಯಿತು.

ನನ್ನ ಫೀಸು 35,000 ಎಂದು ಮಾತಾಗಿತ್ತು, ಬಂದದ್ದು ಇಪ್ಪತ್ತೋ ಇಪ್ಪತ್ತೆರಡೋ. ಹೋದ ತಿಂಗಳು ಸೀನಿಯರ್ ಅವರ ಮೇಜಿನ ಮೇಲೆ ಒಂದು ಹೊಸ ತೆರವು ದಾವೆ ನೋಡಿದೆ. ತಲೆಬರಹ ಎಸ್‌ಸಿ, ಅಂದರೆ ಸ್ಮಾಲ್ ಕಾಸಸ್, ಒಟ್ಟು ನಾಲ್ಕು ಪುಟ. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.