ಮರಿ ಮಾಡುವ ಮಷಿನ್ ಎಷ್ಟು ವರ್ಷ ಬರುತ್ತದೆ?

"ಎಷ್ಟು ವರ್ಷ ಬರ್ತದ್ರಿ ಅಣ್ಣಾ?" ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಇನ್‌ಕ್ಯುಬೇಟರ್ ಕೊಳ್ಳುವ ಮುಂಚೆ ನಮ್ಮ ಸೇಡಂ ಕಡೆಯವರು ಕೇಳುವುದು ಇದನ್ನೇ. ಯಾವ ಸಾಮಾನು ಅಂತ ನಾನು ತಿರುಗಿ ಕೇಳುತ್ತೇನೆ. ಡಬ್ಬಿ ಬಾಳಿಕೆ ಬರುತ್ತದೆ. ಒಳಗಿನದು ಒಂದೊಂದಾಗಿ ಕೈಕೊಡುತ್ತದೆ.

ನನ್ನದು ಥರ್ಮಾಕೋಲ್ ಡಬ್ಬಿ, ಇಡುವುದು ಜವಾರಿ ಮೊಟ್ಟೆ. ಮೊದಲು ಹೋಗಿದ್ದು ಫ್ಯಾನ್. ಮರಿ ಒಡೆದಾಗ ಹಾರುವ ತುಪ್ಪಳ ಅದರ ಬೇರಿಂಗಿಗೆ ಸೇರಿಕೊಳ್ಳುತ್ತದೆ. ಗುರ್ ಅನ್ನತೊಡಗಿತೋ, ಕಥೆ ಮುಗಿಯಿತು ಅಂತಲೇ. ಕಂಪ್ಯೂಟರಿಗೆ ಹಾಕುವ 12 ವೋಲ್ಟ್ ಫ್ಯಾನೇ ಆಗುತ್ತದೆ, ಅಗ್ಗದ್ದು. ಒಂದು ಜಾಸ್ತಿ ತಂದಿಟ್ಟಿರುತ್ತೇನೆ.

ನನಗೆ ಭಯ ಇರುವುದು ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ದು. ಅದರೊಳಗಿನ ರಿಲೇ, ಅಂದರೆ ತಾನೇ ಆನ್ ಆಫ್ ಆಗುವ ಸ್ವಿಚ್, ಹಗಲೂ ರಾತ್ರಿ ಟಕ್ ಟಕ್ ಅಂತ ಕಾವು ಕೊಡುವ ಬಲ್ಬ್ ಹಚ್ಚುತ್ತದೆ, ಆರಿಸುತ್ತದೆ. ಪ್ರತಿ ಸಲ ಸಣ್ಣ ಕಿಡಿ. ಪಾಯಿಂಟ್ ಸುಟ್ಟು ಸುಟ್ಟು ಒಂದು ದಿನ ಅಂಟಿಕೊಂಡುಬಿಡುತ್ತದೆ. ಆಮೇಲೆ ಬಲ್ಬ್ ಆರುವುದೇ ಇಲ್ಲ. 37.5 ಡಿಗ್ರಿ ಇರಬೇಕಾದ ಕಡೆ 40 ದಾಟಿ ಹಾಗೇ ನಿಂತರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಕರೆಂಟ್ ಹೋದರೆ ಇಷ್ಟು ಚಿಂತೆಯಿಲ್ಲ, ಮೇಲೆ ಒಂದು ಕೌದಿ ಹೊದಿಸಿದರೆ ಸ್ವಲ್ಪ ಹೊತ್ತು ತಡೆಯುತ್ತವೆ. ಬಿಸಿ ಮಿತಿ ಮೀರಬಾರದು ಅಂತಲೇ ಬಲ್ಬಿನ ಲೈನಿಗೆ ಇನ್ನೊಂದು ಥರ್ಮೋಸ್ಟಾಟ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಹಾಕಿ 38.5ಕ್ಕೆ ಕಟ್ ಆಗುವಂತೆ ಇಟ್ಟಿದ್ದೇನೆ. ಸೆನ್ಸರ್ ಹಳೆಯದಾದರೆ ಸುಳ್ಳು ಹೇಳುತ್ತದೆ, ಹಾಗಾಗಿ ಮೊಟ್ಟೆಗಳ ನಡುವೆ ಬೇರೆ ಥರ್ಮಾಮೀಟರ್ ಇರಲೇಬೇಕು.

ಇನ್ನು ಒಳಗೆ ತೇವ ಇರಲಿ ಅಂತ ಇಡುವ ನೀರಿನ ಟ್ರೇ ವಿಷಯ. ನಮ್ಮದು ಸುಣ್ಣದ ಕಲ್ಲಿನ ನೆಲ, ಬೋರ್ ನೀರು ಹಾಕಿದರೆ ಟ್ರೇಗೆ ಬಿಳಿ ಪೊರೆ ಕಟ್ಟುತ್ತದೆ. ನಿಂಬೆಹುಳಿ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಈಗ ಫಿಲ್ಟರ್ ನೀರನ್ನೇ ಹಾಕುತ್ತೇನೆ.

ಬೇಸಿಗೆಯಲ್ಲಿ ಮಷಿನ್ ಬಂದ್. ಕಲಬುರಗಿ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ ಮನೆಯೊಳಗೇ 38 ದಾಟುತ್ತದೆ. ಈ ಡಬ್ಬಿಗೆ ಬಿಸಿ ಮಾಡುವುದಷ್ಟೇ ಗೊತ್ತು, ತಂಪು ಮಾಡಲು ಬರುವುದಿಲ್ಲ. ಆಗ ಸುಮ್ನೆ ಮೊಟ್ಟೆ ಹಾಳು ಮಾಡುವುದೇಕೆ? ಕಾವಿಗೆ ಕೂತ ಹೇಟೆ ಇದ್ದರೆ ಅದರ ಕೆಳಗಿಡುತ್ತೇನೆ.

ಥರ್ಮಾಕೋಲ್‌ಗೂ ಒಂದು ಕೊನೆ ಇದೆ. ಕೊಳೆತ ಮೊಟ್ಟೆ ಒಡೆದರೆ ರಸ ಸಂದಿಗೆ ಇಳಿದು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ಮುಂದಿನ ಮೊಟ್ಟೆಗಳಿಗೂ ರೋಗ ತಗಲುತ್ತದೆ. ಇಲಿ ಕಡಿಯುವುದು ಬೇರೆ. ಗುಜರಿಯಲ್ಲಿ ಕೆಟ್ಟ ಫ್ರಿಜ್ ಸಿಕ್ಕರೆ ಅದರಲ್ಲೇ ಮಾಡಿಕೊಳ್ಳಿ, ಒರೆಸಲು ಸುಲಭ, ಕಾವೂ ಚೆನ್ನಾಗಿ ನಿಲ್ಲುತ್ತದೆ. ಗಾಳಿಗೆ ತೂತು ಕೊರೆಯುವುದು ಮಾತ್ರ ಮರೆಯಬೇಡಿ.