ಡಿವೋರ್ಸ್ ಆದ ಮೇಲೆ ನನ್ನನ್ನು ನಾನೇ ಬೈಯುವುದು ಬಿಟ್ಟದ್ದು ಹೀಗೆ

"ನಿನ್ನನ್ನು ನೀನೇ ಮುದ್ದು ಮಾಡಿಕೊಂಡು ಕೂತರೆ ಎದ್ದು ನಿಲ್ಲುವುದು ಯಾವಾಗ?" ಅಂತ ಅಕ್ಕ ಕೇಳಿದ್ದಳು. ಡಿವೋರ್ಸ್ ಆಗಿದ್ದ ಇಬ್ಬರು ಗೆಳತಿಯರೂ ಅದನ್ನೇ ಅಂದಿದ್ದರು. ಎರಡು ವರ್ಷ ಆಯಿತು. ಈಗ ಅದೇ ಅಕ್ಕ "ಏನು ಮಾಡಿದೆ, ಬರೆದು ಕೊಡು" ಅನ್ನುತ್ತಾಳೆ. ನಿದ್ದೆ, ನಡಿಗೆ, ಕೌನ್ಸೆಲಿಂಗ್ ಎಲ್ಲ ನಿಮಗೆ ಗೊತ್ತಿರುವುದೇ, ಅಲ್ವಾ? ಅದನ್ನು ಬಿಡುತ್ತೇನೆ.

ಮೊದಲು ಕೈ ಸುಟ್ಟುಕೊಂಡದ್ದು. ಸಹಿ ಬಿದ್ದ ಆರು ತಿಂಗಳಲ್ಲಿ ಹೆಚ್ಚುಕಡಿಮೆ ಮೂರು ತಿಂಗಳ ಸಂಬಳ ನೀರಿನ ಹಾಗೆ ಹೋಯಿತು. ವಕೀಲರ ಫೀಸು ಇದರಲ್ಲಿ ಸೇರಿಲ್ಲ. ಜಿಮ್‌ಗೆ ವರ್ಷದ ಹಣ ಒಟ್ಟಿಗೆ ಕಟ್ಟಿದೆ, ಹೋದದ್ದು 11 ಅಥವಾ 12 ದಿನ. ಐದು ದಿನದ ಧ್ಯಾನ ಶಿಬಿರಕ್ಕೆ ಒಂದು ತಿಂಗಳ ಸಂಬಳ. ಅಲ್ಲಿ ಕಣ್ಣು ಮುಚ್ಚಿದರೆ ಅದೇ ಹಳೇ ಜಗಳ. ದುಡ್ಡು ಹೋದದ್ದಕ್ಕಿಂತ, "ಇದನ್ನೂ ನೆಟ್ಟಗೆ ಮಾಡಲಿಲ್ಲ" ಅಂತ ನನ್ನನ್ನೇ ಬೈದುಕೊಂಡದ್ದು ಜಾಸ್ತಿ ಸುಸ್ತು ಮಾಡಿತು.

ಆಮೇಲೆ ಡೈರಿ. ಎಲ್ಲರೂ "ಬರೆದುಬಿಡು, ಹಗುರ ಆಗುತ್ತೆ" ಅಂದರು. ರಾತ್ರಿ ಹನ್ನೊಂದಕ್ಕೆ ಕೂತರೆ ಏಳುವಾಗ ಒಂದೂವರೆ. ಎರಡು ನೋಟ್‌ಬುಕ್ ತುಂಬಿದವು. ಪುಟ ತಿರುಗಿಸಿದರೆ ಒಂದೇ ಸಾಲು ಮತ್ತೆ ಮತ್ತೆ: "ನನಗೆ ಮೊದಲೇ ಗೊತ್ತಾಗಬೇಕಿತ್ತು." ಒಂದು ಕಡೆ ಪೆನ್ನು ಎಷ್ಟು ಒತ್ತಿದ್ದೆ ಅಂದರೆ ಮುಂದಿನ ಮೂರು ಹಾಳೆಗಳ ಮೇಲೂ ಆ ಸಾಲಿನ ಗೀರು ಬೆರಳಿಗೆ ತಾಗುತ್ತಿತ್ತು. ತಪ್ಪು ನನ್ನದೇ ಅಂದುಕೊಂಡೆ. ಆಮೇಲೆ ಓದಿದ್ದು ಬೇರೆ. ಅರಿಜೋನಾ ವಿಶ್ವವಿದ್ಯಾಲಯದ ಡೇವಿಡ್ ಸ್ಬಾರಾ ಅವರ ತಂಡ 2013ರಲ್ಲಿ ಇದನ್ನೇ ಕಂಡಿತ್ತು. ಬೇರೆಯಾದ ಮೇಲೆ "ಯಾಕೆ ಹೀಗಾಯಿತು" ಅಂತ ಸುತ್ತುತ್ತಲೇ ಇರುವವರು ನೋವನ್ನು ಬರೆಯುತ್ತಾ ಕೂತರೆ ಚೇತರಿಕೆಗೆ ಅಡ್ಡಿಯಾಗಬಹುದು. ದಿನದ ಸಾದಾ ಕೆಲಸಗಳ ಬಗ್ಗೆ ಬರೆದರೆ ಅವರಿಗೇ ಒಳ್ಳೆಯದು. ಅವತ್ತೇ ಡೈರಿ ಕಟ್ಟಿಟ್ಟೆ.

ಅದೇ ತಂಡದ 2012ರ ಕೆಲಸದಲ್ಲಿ ನನ್ನ ದಾರಿ ಸಿಕ್ಕಿತು. 105 ಜನ ತಾವು ಸಂಗಾತಿಯಿಂದ ಬೇರೆಯಾದದ್ದರ ಬಗ್ಗೆ ನಾಲ್ಕು ನಿಮಿಷ ಮಾತಾಡಿದ್ದನ್ನು ರೆಕಾರ್ಡ್ ಮಾಡಿದ್ದರು. ಮಾತಿನಲ್ಲಿ ತಮ್ಮ ಮೇಲೆ ಕರುಣೆ ಇದ್ದವರ ನೋವು ಕಡಿಮೆ ಇತ್ತು, ಒಂಬತ್ತು ತಿಂಗಳಾದ ಮೇಲೂ. ಸಂಶೋಧಕರಿಗೆ ಆ ರೆಕಾರ್ಡಿಂಗ್ ಅಳತೆ ಮಾಡುವ ಸಾಧನ ಅಷ್ಟೇ. ನಾನು ಅದನ್ನೇ ಅಭ್ಯಾಸ ಮಾಡಿಕೊಂಡೆ.

ರಾತ್ರಿ ಒಬ್ಬಳೇ ಮಾತಾಡಿ, ನಾಲ್ಕು ನಿಮಿಷ ಫೋನಿನಲ್ಲಿ ರೆಕಾರ್ಡ್. ಕೇಳುವುದು ಬೆಳಿಗ್ಗೆಯೇ, ರಾತ್ರಿ ಬೇಡ. ಕೇಳಿದ ಮೇಲೆ ಒಂದು ನಿಮಿಷ ಉತ್ತರ, ಅದೂ ಗಟ್ಟಿಯಾಗಿ. ಮೊದಲ ರೆಕಾರ್ಡಿಂಗ್‌ನಲ್ಲಿ ನನ್ನನ್ನು "ದಡ್ಡಿ" ಅಂದದ್ದು ಸುಮಾರು 14 ಸಲ. ಬೇರೆ ಯಾರಾದರೂ ನನ್ನ ತಂಗಿಗೆ ಹಾಗೆ ಅಂದಿದ್ದರೆ ಸುಮ್ನೆ ಇರುತ್ತಿದ್ದೆನಾ? ಅವತ್ತು ಬಾಗಿಲು ಹಾಕಿಕೊಂಡು ಅತ್ತೆ. ಉತ್ತರದಲ್ಲಿ ನನ್ನನ್ನು ಒಂದು ಹೆಸರಿನಿಂದ ಕರೆಯುತ್ತೇನೆ. ಆ ಹೆಸರು, ಉತ್ತರದ ಮೊದಲ ಸಾಲು, ಇವೆರಡನ್ನು ಮಾತ್ರ ನಾನು ಹೇಳುವುದಿಲ್ಲ. ನಿಮ್ಮದನ್ನು ನೀವೇ ಹುಡುಕಿಕೊಳ್ಳಿ.

ಮೂರು ವಾರಕ್ಕೆ 14 ಇದ್ದದ್ದು ಐದಕ್ಕೆ ಇಳಿಯಿತು. ಎರಡು ತಿಂಗಳಿಗೆ ಸೊನ್ನೆ. ಖರ್ಚು ಸೊನ್ನೆಯೇ. ನನ್ನ ಮಾಜಿ ಗಂಡ ಮರುಮದುವೆಯಾದ ಸುದ್ದಿ ಬಂದ ವಾರ ಮತ್ತೆ ಒಂಬತ್ತಕ್ಕೆ ಏರಿತು. ಆದರೆ ಈ ಸಲ ಏರಿದ್ದಕ್ಕೆ ನನ್ನನ್ನು ಬೈದುಕೊಳ್ಳಲಿಲ್ಲ. ಈ ಒಂದು ಮಾತು ಬರೆಯುವಾಗ ನನಗೆ ಹೆಮ್ಮೆ ಆಗುತ್ತದೆ.

ನಡುವೆ ಬೇರೆ ಉಪಾಯಗಳನ್ನೂ ಮಾಡಿ ನೋಡಿದೆ. ಕನ್ನಡಿ ಮುಂದೆ ನಿಂತು ಮಾತಾಡುವುದು ನನಗೆ ಆಗಲಿಲ್ಲ. ಹಾಸಿಗೆಯ ನಡುವೆ ಮಲಗುವುದು ಆಯಿತು, ಹತ್ತು ದಿನ ಹಿಡಿಯಿತು. ಇನ್ನೊಂದು, 1967ರ ಹೋಮ್ಸ್ ಮತ್ತು ರಾಹೆ ಪಟ್ಟಿ, ಬದುಕಿನ ಯಾವ ಘಟನೆ ಎಷ್ಟು ಒತ್ತಡ ತರುತ್ತದೆ ಅಂತ ಅಂಕ ಕೊಡುವಂಥದ್ದು. ಸಂಗಾತಿಯ ಸಾವಿಗೆ 100 ಅಂಕ, ಡಿವೋರ್ಸ್‌ಗೆ 73, ಕೆಲಸದಿಂದ ತೆಗೆದರೆ 47. ಆ 73ನ್ನು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿದೆ. ಕೆಲಸ ಅರ್ಧಕ್ಕೇ ನಿಂತ ದಿನ ಅದನ್ನು ನೋಡಿ ಕಂಪ್ಯೂಟರ್ ಮುಚ್ಚಿ ಮಲಗುತ್ತಿದ್ದೆ. ಇಷ್ಟು ಭಾರ ಹೊತ್ತವಳು ಮಲಗಬಾರದಾ?

ಈಗ ವಾರಕ್ಕೊಂದು ಸಲ ರೆಕಾರ್ಡ್ ಮಾಡುತ್ತೇನೆ. ಕಳೆದ ವಾರ ಎರಡನೇ ನಿಮಿಷಕ್ಕೇ ಹಳೇ ವಿಷಯ ಮುಗಿಯಿತು. ಉಳಿದ ಎರಡು ನಿಮಿಷ, ಸೋರುವ ನಲ್ಲಿಗೆ ಯಾವ ಅಳತೆಯ ವಾಷರ್ ಹಾಕಬೇಕು ಅಂತ ಮಾತಾಡಿದ್ದೇನೆ.